ಬಿದರಿಯ ಕಪ್ಪು, ಕಾಡಿನ ಕತ್ತಲೆ

ನಮ್ಮ ಜಿಲ್ಲೆಯ ವಿದ್ಯಾರ್ಥಿಗೆ ಯುರೋಪಿನ ರೊಮ್ಯಾಂಟಿಕ್ ಚಿತ್ರಕಾರರ ಅರಣ್ಯಗಳನ್ನು ವಿವರಿಸಹೊರಡುವ ಅಧ್ಯಾಪಕನು ಬಿದರಿಯ ಹೂಜಿಯೊಂದನ್ನು ಮುಂದಿಟ್ಟುಕೊಂಡು ಪ್ರಾರಂಭಿಸುವುದು ಲೇಸು. ಸತು ತಾಮ್ರಗಳ ಆ ಮಿಶ್ರಲೋಹವು ಕೋಟೆಯ ಮಣ್ಣು ನವಸಾಗರಗಳ ಸಂಸ್ಕಾರದಿಂದ ಕಪ್ಪೇರುತ್ತದೆ. ಬೆಳ್ಳಿಯ ಬಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಬೆಳಕು ಬೆಳಗಲು ಕತ್ತಲೆ ಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಆ ಕಪ್ಪಿನೊಳಕ್ಕೆ ಕಣ್ಣು ಇಳಿಯಲಾರದು. ಬೆಳ್ಳಿಗೂ ಕಪ್ಪಿಗೂ ನಡುವೆ ಗಾಳಿಯಿಲ್ಲ.

ಚಿತ್ರದ ಕಾಡಿನಲ್ಲಿರುವುದು ಆ ಗಾಳಿಯೇ. ಜರ್ಮನಿಯ ಕಾಸ್ಪರ್ ಡೇವಿಡ್ ಫ್ರೀಡ್ರಿಷ್ 1814ರ ಸುಮಾರಿಗೆ ಬರೆದ ಚಿತ್ರವೊಂದರಲ್ಲಿ ಫ್ರೆಂಚ್ ಸೈನಿಕನೊಬ್ಬ ಫರ್ ಮರಗಳ ಕಾಡಿನ ಬಾಯಲ್ಲಿ, ನಮಗೆ ಬೆನ್ನುಮಾಡಿ, ಒಂಟಿಯಾಗಿ ನಿಂತಿದ್ದಾನೆ. ಈಚೆಗೆ ಮೋಟುಮರದ ಮೇಲೊಂದು ಕಾಡುಕಾಗೆ. ಬೆಳಕೆಲ್ಲ ನೆಲದ ಹಿಮದ ಮೇಲೆಯೇ ನಿಂತುಹೋಗಿದೆ. ಮರಗಳ ಹಿಂದಿನ ಅವಕಾಶಕ್ಕೆ ತಳವಿಲ್ಲ. ಸೋಲಲಿರುವ ಸೈನ್ಯದ ಕಥೆಯನ್ನು ಹೇಳಲು ಆತನಿಗೆ ಕಾಳಗದ ದೃಶ್ಯವೊಂದೂ ಬೇಕಾಗಲಿಲ್ಲ.

ಫ್ರಾನ್ಸಿನ ತಿಯೊಡೋರ್ ರೂಸೋನದು ಬೇರೆ ಬಗೆ. ಪ್ಯಾರಿಸ್ಸಿನ ಸಮೀಪದ ಫಾಂಟೆನ್‌ಬ್ಲೋ ಕಾಡಿನಲ್ಲಿ ಆತನ ಸಂಜೆಬೆಳಕು ತೇವದ ಗಾಳಿಯಲ್ಲಿ ಕರಗಿ ಎಲೆಗಳ ಅಂಚನ್ನೇ ಅಳಿಸುತ್ತದೆ. ಆ ಮರಗಳನ್ನು ಕಡಿಯಬಾರದೆಂದು ಆತ 1852ರಲ್ಲಿ ಪ್ರಭುತ್ವಕ್ಕೆ ಮೊರೆಯಿಟ್ಟ. 1861ರ ಆಜ್ಞೆ ಸಾವಿರಕ್ಕೂ ಮೀರಿದ ಹೆಕ್ಟೇರುಗಳನ್ನು ಕಲೆಯ ಹೆಸರಿನಲ್ಲಿಯೇ ಕಾದಿರಿಸಿತು. ಚಿತ್ರಕಾರರ ನೋಟವೇ ಕಾಡಿಗೆ ಬೇಲಿಯಾದುದು ಇತಿಹಾಸದಲ್ಲಿ ಅಪರೂಪ.

ಇದು ಪರದೇಶದ ಮಾತೆಂದು ಸುಮ್ಮನಾಗುವಂತಿಲ್ಲ. ನಮ್ಮ ಕೆ. ವೆಂಕಟಪ್ಪನವರು (1886–1965) ನೀಲಗಿರಿಯ ಮಂಜನ್ನು ಜಲವರ್ಣದಲ್ಲಿ ಹಿಡಿದರು. ಅಲ್ಲಿ ಬೆಟ್ಟಕ್ಕಿಂತ ಮಂಜೇ ಪ್ರಧಾನ.

ಬೀದರಿನಲ್ಲಿ ಅಂಥ ಮಂಜೆಲ್ಲಿ ಎಂದು ಕೇಳುವವರುಂಟು. ಹೊನ್ನಿಕೇರಿಯದು ದಟ್ಟಡವಿಯಲ್ಲ, ನಿಜ. ಭಾಲ್ಕಿ, ಔರಾದಗಳ ಕಡೆ ಬಯಲೇ ಹೆಚ್ಚು. ಆದರೆ ನಮ್ಮ ಗಾಳಿಯೂ ಬರಿದಲ್ಲ: ಚಳಿಗಾಲದ ನಸುಕಿನಲ್ಲಿ ಮಾಂಜ್ರಾ ನದಿಯ ಮೇಲಣ ಹಬೆ, ಬೇಸಿಗೆಯಲ್ಲಿ ಕೆಮ್ಮಣ್ಣಿನ ಧೂಳು. ಕೃಷ್ಣಮೃಗಗಳು ಮೇಯುವ ಹುಲ್ಲುಗಾವಲನ್ನು ನಾವು ಬೀಳುಭೂಮಿ ಎಂದು ಕರೆದು ಮುಂದೆ ಸಾಗುತ್ತೇವೆ. ಅದಕ್ಕೊಬ್ಬ ರೂಸೋ ಹುಟ್ಟಿಲ್ಲ. ಚಿತ್ರಸ್ಪರ್ಧೆಗೆ ಕುಳಿತ ಮಕ್ಕಳು ಕ್ಯಾಲೆಂಡರಿನ ಜಲಪಾತವನ್ನೂ ಎಂದೂ ಕಾಣದ ಪೈನ್ ಮರವನ್ನೂ ಬರೆಯುತ್ತಾರೆ. ಶಾಲೆಯ ಹಿಂದೆಯೇ ಧೂಳಿನ ಸಂಜೆಯಲ್ಲಿ ಮುತ್ತುಗ ಕೆಂಪಗೆ ಹೂಬಿಟ್ಟಿರುತ್ತದೆ.