ಅಕ್ಕನ ಸಹಿ

ತೆಲಂಗಾಣದ ಗಡಿಯ ನಾಗಲಗಿದ್ದದ ಕಡೆ ಹಳೇ ಮನೆಯ ಸಂದೂಕ ತೆಗೆದರೆ ತಳದಲ್ಲಿ ಉರ್ದು ಪಹಣಿ, ಮೇಲೆ ತೆಲುಗಿನ ಪಟ್ಟಾ ಪಾಸ್‌ಬುಕ್. ಮನೆಯಲ್ಲಿ ಆಡುವ ಕನ್ನಡ ಯಾವ ಕಾಗದದಲ್ಲೂ ಇರುವುದಿಲ್ಲ. ಅಪ್ಪ ತೀರಿಕೊಂಡ ಮೇಲೆ ಇವನ್ನು ಓದಿಸಲು ಇಬ್ಬರನ್ನು ಹುಡುಕಬೇಕು: ಉರ್ದುವಿಗೊಬ್ಬ ಮುದುಕ, ತೆಲುಗಿಗೊಬ್ಬ ಶಾಲೆ ಹುಡುಗ.

1956ರ ನವೆಂಬರ್ 1ರವರೆಗೆ ನಾರಾಯಣಖೇಡ ಬೀದರ್ ಜಿಲ್ಲೆಯದು, ತಾಂಡೂರು ಗುಲಬರ್ಗಾದ್ದು. ಅವತ್ತು ರಾಜ್ಯಗಳ ಗೆರೆ ಬಿತ್ತು. ಇವು ಆಂಧ್ರಕ್ಕೆ (ಈಗ ತೆಲಂಗಾಣ), ಬೀದರ್ ಮೈಸೂರಿಗೆ (ಈಗ ಕರ್ನಾಟಕ). ಬೀಗತನ ಮಾತ್ರ ಗೆರೆ ಕೇಳಲಿಲ್ಲ. ಈಚೆಯ ಹೆಣ್ಣು ಆಚೆಗೆ, ಆಚೆಯದು ಈಚೆಗೆ.

ಅದೇ ವರ್ಷದ ಹಿಂದೂ ಉತ್ತರಾಧಿಕಾರ ಕಾಯ್ದೆ, ತೀರಿಹೋದ ಅಪ್ಪನ ಪಾಲಿನಲ್ಲಿ ಮಗಳಿಗೂ ಭಾಗ ಕೊಟ್ಟಿತು. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕು ಮಾತ್ರ ಗಂಡುಮಕ್ಕಳಿಗೇ ಉಳಿಯಿತು. ಅದನ್ನು ಮುರಿದದ್ದು ಆಂಧ್ರದ ತಿದ್ದುಪಡಿ, 1985ರ ಸೆಪ್ಟೆಂಬರ್ 5ರಿಂದ. ಕರ್ನಾಟಕ ಅಲ್ಲಿಗೆ ಬಂದದ್ದು 1994ರ ಜುಲೈ 30ಕ್ಕೆ. ಸುಮಾರು ಒಂಬತ್ತು ವರ್ಷ, ಒಂದೇ ಮಾತಾಡುವ ಮನೆಗಳಲ್ಲಿ ಗೆರೆಯ ಈಚೆ, ಆಂಧ್ರದ ಮಗಳಿಗೆ ಇದ್ದ ಹಕ್ಕು ಆಚೆಯವಳಿಗೆ ಇರಲಿಲ್ಲ. ಎರಡೂ ಕಡೆ ಒಂದು ತೊಡಕು ಸಮ: ಅಷ್ಟರೊಳಗೆ ಮದುವೆಯಾಗಿದ್ದವಳಿಗೆ ಆ ಹಕ್ಕಿಲ್ಲ. ಹದಿನಾರಕ್ಕೇ ಹಸೆಮಣೆ ಏರಿಸುತ್ತಿದ್ದ ಊರುಗಳಲ್ಲಿ ಉಳಿದವರೆಷ್ಟು ಮಂದಿ ಎಂದು ಕಾನೂನು ಬರೆದವರು ಲೆಕ್ಕ ಹಾಕಿದಂತಿಲ್ಲ. ಆ ತಡೆಯನ್ನು ದೇಶಕ್ಕೆಲ್ಲ ತೆಗೆದದ್ದು 2005ರ ತಿದ್ದುಪಡಿ. ಅದು ಜಾರಿಯಾದ ದಿನಕ್ಕೆ ಅಪ್ಪ ಬದುಕಿರಬೇಕೇ ಎಂಬ ಜಗಳವನ್ನು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ, ವಿನೀತಾ ಶರ್ಮಾ ಪ್ರಕರಣದಲ್ಲಿ ಮುಗಿಸಿತು: ಬೇಕಿಲ್ಲ.

ಹಕ್ಕು ಬಂದರೂ ಅಕ್ಕ ಕೇಳುತ್ತಿರಲಿಲ್ಲ. ಕೇಳಿದರೆ ತವರು ಮುರಿಯುತ್ತದೆ. ಅರಿಶಿನ-ಕುಂಕುಮಕ್ಕೆ ಸೀರೆ ಬಂದರೆ ಸಾಕು. ಅದೇ 2020ರಲ್ಲಿ ತೆಲಂಗಾಣಕ್ಕೆ ಧರಣಿ ಎಂಬ ಭೂದಾಖಲೆ ಪೋರ್ಟಲ್ ಬಂತು. ವಿರಾಸತ್, ಅಂದರೆ ಸತ್ತವರ ಜಮೀನು ವಾರಸುದಾರರ ಹೆಸರಿಗೆ, ಆಗಬೇಕಾದರೆ ಅವರೆಲ್ಲ ಸೇರಿ ಒಪ್ಪಂದ ಪತ್ರ ಕೊಡಬೇಕು ಎಂದಿತು ಆಗಿನ ಹೊಸ ಕಾಯ್ದೆ. ಸೀರೆ ಉಟ್ಟು ಹೋಗುತ್ತಿದ್ದ ಅಕ್ಕನ ಸಹಿಗಾಗಿ ತಮ್ಮ ಗೆರೆಯಾಚೆಯ ಔರಾದಿನ ಬಸ್ಸು ಹತ್ತುವ ಕಾಲ ಬಂತು.

ಅಪ್ಪ ಇರುವಾಗಲೇ ತನ್ನ ಪಾಲಿಗೊಂದು ವಿಲ್ ಬರೆದಿಡಬಹುದಿತ್ತು. ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಎದುರಿಗೆ ಸಹಿ ಹಾಕುವ ಇಬ್ಬರು ಸಾಕ್ಷಿಗಳು ಸಾಕು. ಆದರೆ ವಿಲ್ ಅಂದರೆ ಯಮನಿಗೆ ಕಾಗದ ಬರೆದ ಹಾಗೆ ಎಂದು ಹಿರಿಯರು ಹೆದರುತ್ತಾರೆ. ಇಲ್ಲಿಯ ಎಷ್ಟೋ ರೈತರಿಗೆ ‘ನಿಮ್ಮ ನಂತರ ಯಾರು’ ಎಂಬ ಪ್ರಶ್ನೆ ಎದುರಾದದ್ದು 2018ರಲ್ಲಿ, ತೆಲಂಗಾಣ ಸರ್ಕಾರದ ರೈತು ಬೀಮಾ ಅರ್ಜಿಯಲ್ಲಿ, ಐದು ಲಕ್ಷದ ವಿಮೆಗೆ ನಾಮಿನಿ ಬರೆಸುವಾಗ. ಹೆಂಡತಿಯ ಹೆಸರು ಬಾಯಲ್ಲಿ ಹೇಳಿ ರೂಢಿಯಿಲ್ಲದವರು ಅವಳ ಆಧಾರ್ ಕಾರ್ಡನ್ನೇ ಮೇಜಿನ ಮೇಲೆ ಇಟ್ಟರು.