ಒಂದು ಕಾರಿನ ಅಂಗ, ಇನ್ನೊಂದು ಕಾರಿನ ಒಡಲು

1980ರ ದಶಕದ ಆದಿಯಲ್ಲಿ ಬೆಂಗಳೂರಿನ ಸಿಪಾನಿ ಆಟೊಮೊಬೈಲ್ಸ್ ಸಂಸ್ಥೆಯು, ಇಂಗ್ಲೆಂಡಿನ ಟ್ಯಾಮ್‌ವರ್ತ್ ಪಟ್ಟಣದ ರಿಲಯಂಟ್ ಕಂಪನಿಯ ಕಿಟನ್ ಎಂಬ ಕಾರಿನ ವಿನ್ಯಾಸವನ್ನು ಆಧರಿಸಿ, ಡಾಲ್ಫಿನ್ ಎಂಬ ಹೆಸರಿನ ಎರಡು ಬಾಗಿಲಿನ ಪುಟ್ಟ ಕಾರೊಂದನ್ನು ನಿರ್ಮಿಸಿತು. ಉಕ್ಕಿನ ಚಾಸಿಯ ಮೇಲೆ ಫೈಬರ್‌ಗ್ಲಾಸಿನ ಒಡಲು, ಮುಂಭಾಗದಲ್ಲಿ ಉದ್ದುದ್ದಕ್ಕೆ ಕೂರಿಸಿದ 848 ಸಿ.ಸಿ.ಯ ನಾಲ್ಕು ಸಿಲಿಂಡರಿನ ಅಲ್ಯೂಮಿನಿಯಂ ಎಂಜಿನು, ಅದರ ಶಕ್ತಿಯನ್ನು ಹಿಂಚಕ್ರಗಳಿಗೆ ಒಯ್ಯುವ ನೀಳವಾದ ಪ್ರೊಪೆಲ್ಲರ್ ಶಾಫ್ಟು: ಇವಿಷ್ಟು ಅದರ ಮುಖ್ಯಾಂಗಗಳು. ಭಾರವಾದ ಅಂಬಾಸಡರು ಮತ್ತು ಫಿಯಟ್ಟುಗಳೇ ರಸ್ತೆಯನ್ನಾಳುತ್ತಿದ್ದ ಆ ಕಾಲದಲ್ಲಿ, ತೂಕವು ಅಲ್ಪವಾಗಿದ್ದು ಅದಕ್ಕೆ ಹೋಲಿಸಿದರೆ ಶಕ್ತಿಯು ಸಾಕಷ್ಟಿದ್ದ ಈ ವಾಹನವು ರ‍್ಯಾಲಿ ಓಡಿಸುವ ತರುಣರ ಮನಸ್ಸನ್ನು ಸೆಳೆದುದರಲ್ಲಿ ಆಶ್ಚರ್ಯವೇನಿಲ್ಲ. ಕುಟುಂಬದ ಬಳಕೆಗೆಂದು ಹುಟ್ಟಿದ ಕಾರು ಸ್ಪರ್ಧೆಯ ಕಣದಲ್ಲಿ ಹೆಸರು ಪಡೆಯಿತು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಬಳಿಕ ಡಾಲ್ಫಿನ್ನಿನ ಮಾರುಕಟ್ಟೆ ಕುಗ್ಗಿಹೋದರೂ, ಅದನ್ನು ಕ್ರೀಡಾವಾಹನಗಳ ಪಂಕ್ತಿಯಲ್ಲಿಯೇ ಕೂರಿಸಬೇಕೆಂಬುದು ನನ್ನ ಅಭಿಪ್ರಾಯ.

ಇಂತಹ ಎರಡು ಡಾಲ್ಫಿನ್ನುಗಳು ಬೆಂಗಳೂರಿನ ಬೊಮ್ಮನಹಳ್ಳಿಯ ಒಂದು ಮನೆಯ ಹಿಂಬದಿಯ ಶೆಡ್ಡಿನಲ್ಲಿ ಪಕ್ಕಪಕ್ಕದಲ್ಲಿ ನಿಂತಿವೆಯೆಂದು ಭಾವಿಸೋಣ. ಒಂದರ ಚಾಸಿ ದೃಢವಾಗಿದೆ, ಎಂಜಿನು ಕೆಟ್ಟಿದೆ. ಇನ್ನೊಂದರ ಎಂಜಿನು ತಿರುಗುತ್ತದೆ, ಚಾಸಿ ತುಕ್ಕು ಹಿಡಿದು ಶಿಥಿಲವಾಗಿದೆ. ಎರಡರಿಂದ ಒಂದನ್ನು ಮಾಡಿಕೊಳ್ಳೋಣವೆಂಬ ಆಸೆ ಯಾರಿಗಾದರೂ ಹುಟ್ಟುವಂಥದೇ. ಈ ಕೆಲಸಕ್ಕೆ ಬೊಮ್ಮನಹಳ್ಳಿಯಷ್ಟು ಅನುಕೂಲವಾದ ಸ್ಥಳವೂ ವಿರಳ: ಹೊಸೂರು ರಸ್ತೆಯ ಆಚೀಚೆಯ ಗಲ್ಲಿಗಳಲ್ಲಿ ಲೇತ್ ಯಂತ್ರವಿಟ್ಟುಕೊಂಡ ಸಣ್ಣ ವರ್ಕ್‌ಶಾಪುಗಳುಂಟು; ಜೆ.ಸಿ. ರಸ್ತೆಯಲ್ಲಿ ಬಿಡಿಭಾಗಗಳ ಅಂಗಡಿಗಳ ಸಾಲೇ ಇದೆ. ಅಲ್ಲಿಯೂ ದೊರೆಯದುದಕ್ಕೆ ಶಿವಾಜಿನಗರದ ಗುಜರಿಯಿದೆ. ಒಂದು ಭಾಗವನ್ನು ಹಿಡಿದುಕೊಂಡು ಹೋಗಿ ತೋರಿಸಿದರೆ, “ಕೂರುತ್ತೆ ಸಾರ್, ಕೂರಿಸೋಣ” ಎಂಬ ಅಭಯವೂ ಲಭಿಸುತ್ತದೆ. ಒಂದು ಕಾರಿನ ಅಂಗವು ಮತ್ತೊಂದರಲ್ಲಿ ಕೂರುವುದೆಂದರೇನು, ಯಾವುದು ನಿಜವಾಗಿ ಕೂರುತ್ತದೆ, ಯಾವುದು ಕೂತಂತೆ ತೋರಿ ಆಮೇಲೆ ಕೈಕೊಡುತ್ತದೆ ಎಂಬುದರ ಹಿಂದೆ ಗಹನವಾದ ವಿಜ್ಞಾನವಿದೆ.

ಒಂದೇ ಮಾದರಿಯ ಎರಡು ಯಂತ್ರಗಳ ಭಾಗಗಳನ್ನು ಅದಲುಬದಲು ಮಾಡಬಹುದೆಂಬುದು ಇಂದು ನಮಗೆ ಸಹಜವೆಂದು ತೋರುತ್ತದೆಯಾದರೂ, ಮೋಟಾರು ವಾಹನಗಳ ಮಟ್ಟಿಗೆ ಅದು ಪ್ರತ್ಯಕ್ಷವಾಗಿ ಸಿದ್ಧಪಟ್ಟದ್ದು 1908ರಲ್ಲಿ. ಅದುವರೆಗೆ ಬಹುಪಾಲು ಕಾರುಗಳನ್ನು ಕುಶಲಿಗಳು ಅರದಿಂದ ಉಜ್ಜಿ ಉಜ್ಜಿ, ಒಂದು ಭಾಗಕ್ಕೆ ಇನ್ನೊಂದು ಭಾಗವನ್ನು ಹೊಂದಿಸಿಯೇ ಕಟ್ಟುತ್ತಿದ್ದರು. ಒಂದರ ಪಿಸ್ಟನ್ನು ಇನ್ನೊಂದರ ಸಿಲಿಂಡರಿಗೆ ಹೊಂದೀತೆಂಬ ಭರವಸೆ ಇರಲಿಲ್ಲ. ಅಮೆರಿಕದ ಕ್ಯಾಡಿಲ್ಯಾಕ್ ಕಂಪನಿಯ ಹೆನ್ರಿ ಲೀಲೆಂಡನು, ಬಂದೂಕು ತಯಾರಿಕೆಯಲ್ಲಿಯೂ ಅಳತೆಯ ಸಲಕರಣೆಗಳ ಕಾರ್ಖಾನೆಯಲ್ಲಿಯೂ ಪಳಗಿದವನಾದುದರಿಂದ, ಕೈಚಳಕಕ್ಕಿಂತ ಅಳತೆಯನ್ನೇ ಹೆಚ್ಚಾಗಿ ನಂಬಿದ್ದನು. ಇಂಗ್ಲೆಂಡಿನಲ್ಲಿ ಆ ಕಾರುಗಳನ್ನು ಮಾರುತ್ತಿದ್ದ ಫ್ರೆಡರಿಕ್ ಬೆನೆಟ್ ಎಂಬಾತನು ಒಂದೇ ಸಿಲಿಂಡರಿನ ಮೂರು ಕ್ಯಾಡಿಲ್ಯಾಕುಗಳನ್ನು ಬ್ರೂಕ್‌ಲೆಂಡ್ಸ್ ಪಂದ್ಯದ ಹಾದಿಗೆ ಒಯ್ದು, ರಾಯಲ್ ಆಟೊಮೊಬೈಲ್ ಕ್ಲಬ್ಬಿನ ಪರೀಕ್ಷಕರ ಕಣ್ಣೆದುರಿನಲ್ಲಿ ಅವನ್ನು ಸಂಪೂರ್ಣವಾಗಿ ಬಿಚ್ಚಿಸಿದನು. ಒಂದೊಂದು ಕಾರಿನಿಂದ 721 ಭಾಗಗಳು ಹೊರಬಂದವು. ಪರೀಕ್ಷಕರು ಅವನ್ನೆಲ್ಲ ಒಂದರೊಳಗೊಂದು ಕಲಸಿ, ನಿಖರತೆ ಹೆಚ್ಚಾಗಿ ಬೇಕಾದ 89 ಭಾಗಗಳನ್ನು ತೆಗೆದುಹಾಕಿ, ಅವುಗಳ ಬದಲಿಗೆ ಅಂಗಡಿಯ ದಾಸ್ತಾನಿನಿಂದ ಬೇರೆಯವನ್ನು ತರಿಸಿದರು. ಕೆಲಸಗಾರರು ಅರವನ್ನು ಮುಟ್ಟದೆ, ಸ್ಪ್ಯಾನರು ಮತ್ತು ಸ್ಕ್ರೂಡ್ರೈವರುಗಳಿಂದಷ್ಟೇ ಮೂರು ಕಾರುಗಳನ್ನು ಮತ್ತೆ ಕಟ್ಟಿ ನಿಲ್ಲಿಸಿದರು. ಅವು 500 ಮೈಲಿಗಳ ಪರೀಕ್ಷೆಯನ್ನು ಪೂರೈಸಿ, ಕಂಪನಿಗೆ ಡ್ಯೂವರ್ ಟ್ರೋಫಿಯನ್ನು ಗಳಿಸಿಕೊಟ್ಟವು. ಯಂತ್ರಶಿಲ್ಪದ ಚರಿತ್ರೆಯಲ್ಲಿ ಇದಕ್ಕಿಂತ ಸುಂದರವಾದ ಪ್ರಯೋಗವನ್ನು ನಾನು ಅರಿಯೆ. ಒಂದು ಸಿದ್ಧಾಂತವನ್ನು ವಾದದಿಂದಲ್ಲದೆ ಓಡುವ ಚಕ್ರಗಳಿಂದಲೇ ಸಾಧಿಸಿ ತೋರಿಸಿದ ಪ್ರಸಂಗವದು.

ಆದರೆ ಬೆನೆಟ್ಟನ ಭಾಗಗಳು ಸವೆದು ಹಳತಾದವಲ್ಲವೆಂಬುದನ್ನು ಮರೆಯಲಾಗದು. ಕಾರ್ಖಾನೆಯಿಂದ ಹೊರಬಂದ ದಿನ ಎರಡು ಡಾಲ್ಫಿನ್ನುಗಳೂ ಅವಳಿಗಳೇ ಆಗಿದ್ದಿರಬಹುದು. ನಲವತ್ತು ವರ್ಷ ಓಡಿದ ಮೇಲೆ ಪ್ರತಿಯೊಂದಕ್ಕೂ ತನ್ನದೇ ಆದ ಇತಿಹಾಸವೊಂದು ಬೆಳೆದುಬಂದಿರುತ್ತದೆ, ಆ ಇತಿಹಾಸವು ಲೋಹದ ಮೈಮೇಲೆಯೇ ಮೂಡಿರುತ್ತದೆ. ಕ್ಯಾಮ್ ಶಾಫ್ಟಿನ ಉಬ್ಬುಗಳೂ ಅವುಗಳ ಮೇಲೆ ಉಜ್ಜಿಕೊಂಡು ಏರಿಳಿಯುವ ಟ್ಯಾಪೆಟ್ಟುಗಳೂ ಒಂದನ್ನೊಂದು ಸವೆಸುತ್ತ, ಕಾಲಕ್ರಮೇಣ ಪರಸ್ಪರ ಒಪ್ಪುವ ಮೇಲ್ಮೈಯನ್ನು ರೂಪಿಸಿಕೊಳ್ಳುತ್ತವೆ. ಒಂದು ಎಂಜಿನಿನ ಹಳೆಯ ಟ್ಯಾಪೆಟ್ಟುಗಳನ್ನು ಇನ್ನೊಂದರ ಕ್ಯಾಮಿನ ಮೇಲೆ ಇಟ್ಟರೆ ಅವು ಸ್ಪರ್ಶಿಸುವುದು ಕೆಲವು ಬಿಂದುಗಳಲ್ಲಿ ಮಾತ್ರ. ವಿಶಾಲವಾದ ಮುಖದ ಮೇಲೆ ಹರಡಬೇಕಾದ ಒತ್ತಡವು ಆ ಬಿಂದುಗಳಲ್ಲಿ ಕೇಂದ್ರೀಕೃತವಾಗಿ, ಎಣ್ಣೆಯ ಪೊರೆ ಹರಿದು, ಗಟ್ಟಿಗೊಳಿಸಿದ ಮೇಲ್ಪದರವು ಬೇಗನೆ ಕಿತ್ತುಹೋಗುತ್ತದೆ. ಅದೇ ಎಂಜಿನಿನೊಳಗೆ ಒಂದನೆಯ ಟ್ಯಾಪೆಟ್ಟನ್ನು ಮೂರನೆಯದರ ಜಾಗದಲ್ಲಿ ಇಡುವುದೂ ಸಲ್ಲದು. ಬಿಚ್ಚಿದ ಕೂಡಲೇ ಅವನ್ನು ಕ್ರಮಸಂಖ್ಯೆ ಬರೆದ ಹಲಗೆಯ ರಂಧ್ರಗಳಲ್ಲಿ ನಿಲ್ಲಿಸುವ ಮೆಕ್ಯಾನಿಕ್ಕನು ತನ್ನ ವಿದ್ಯೆಯನ್ನು ಬಲ್ಲವನೆಂದು ತಿಳಿಯಬೇಕು.

ಹುಟ್ಟಿನಿಂದಲೇ ಜೋಡಿಯಾಗಿ ಬಂದ ಭಾಗಗಳೂ ಉಂಟು. ಕ್ರ್ಯಾಂಕ್ ಶಾಫ್ಟನ್ನು ಹಿಡಿದಿಡುವ ಬೇರಿಂಗ್ ಕ್ಯಾಪುಗಳನ್ನು ಎಂಜಿನಿನ ಬ್ಲಾಕಿಗೆ ಬೋಲ್ಟು ಹಾಕಿ ಬಿಗಿದ ಬಳಿಕವೇ, ಎರಡನ್ನೂ ಕೂಡಿಸಿ ಒಂದೇ ಸಾಲಿನಲ್ಲಿ ಕೊರೆಯುವುದು ರೂಢಿ. ಆದುದರಿಂದ ಒಂದು ಬ್ಲಾಕಿನ ಕ್ಯಾಪನ್ನು ಮತ್ತೊಂದಕ್ಕೆ ತೊಡಿಸಿದರೆ ರಂಧ್ರವು ಸಂಪೂರ್ಣವಾದ ವೃತ್ತವಾಗಲಾರದು. ಹಿಂದಿನ ಆಕ್ಸಲಿನೊಳಗಿನ ಕ್ರೌನ್ ವೀಲು ಮತ್ತು ಪಿನಿಯನ್ ಹಲ್ಲುಗಳನ್ನು ಜೊತೆಯಾಗಿಯೇ ಉಜ್ಜಿ ಹೊಂದಿಸಿರುತ್ತಾರಾದುದರಿಂದ, ಅವೆರಡನ್ನು ಅಗಲಿಸಿದಾಗ ಆಕ್ಸಲು ಊಳಿಡತೊಡಗುತ್ತದೆ. ಬದಲಾಯಿಸುವುದಾದರೆ ಇಡೀ ಆಕ್ಸಲನ್ನೇ ಬದಲಾಯಿಸಬೇಕು. ಬಾಗಿಲು, ಗಾಜು, ರೇಡಿಯೇಟರು, ಸೀಟು ಇವುಗಳ ವಿಷಯದಲ್ಲಿ ಇಷ್ಟೊಂದು ಚಿಂತೆ ಬೇಕಿಲ್ಲ.

ಇನ್ನು ಬೋಲ್ಟುಗಳ ಸಂಗತಿ. ಬ್ರಿಟಿಷ್ ಮೂಲದ ಯಂತ್ರಗಳಲ್ಲಿ ಅಂಗುಲದ ಅಳತೆಯ ಥ್ರೆಡ್ಡುಗಳು, ಇಂದಿನ ಅಂಗಡಿಯಲ್ಲಿ ಮಿಲಿಮೀಟರಿನವು. ಒಂದು ಅಂಗುಲದ ಹದಿನಾರರಲ್ಲಿ ಐದು ಭಾಗದಷ್ಟು ವ್ಯಾಸವುಳ್ಳ, ಅಂಗುಲಕ್ಕೆ 24 ಸುತ್ತುಗಳಿರುವ ಯೂನಿಫೈಡ್ ಬೋಲ್ಟಿನ ವ್ಯಾಸವನ್ನು ಲೆಕ್ಕಹಾಕಿದರೆ 7.94 ಮಿ.ಮೀ. ಆಗುತ್ತದೆ, ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವಣ ಅಂತರ 1.058 ಮಿ.ಮೀ. ಇದಕ್ಕೆ ಸೋದರನಂತೆ ಕಾಣುವ 8 ಮಿ.ಮೀ.ನ ಸಣ್ಣ ಥ್ರೆಡ್ಡಿನ ಬೋಲ್ಟಿನಲ್ಲಿ ಆ ಅಂತರ 1 ಮಿ.ಮೀ. ಕಣ್ಣಿಗೆ ಭೇದವೇ ಗೋಚರಿಸದು, ಮೊದಲೆರಡು ಸುತ್ತುಗಳು ಬೆರಳಿಗೂ ಸಲೀಸಾಗಿಯೇ ಹೋದಾವು. ಆದರೆ ಪ್ರತಿ ಸುತ್ತಿಗೂ 0.058 ಮಿ.ಮೀ.ನಂತೆ ವ್ಯತ್ಯಾಸವು ಕೂಡುತ್ತ ಕೂಡುತ್ತ, ಹತ್ತನೆಯ ಸುತ್ತಿನ ವೇಳೆಗೆ ಅರ್ಧ ಮಿಲಿಮೀಟರನ್ನು ಮೀರಿ, ಬೋಲ್ಟಿನ ಏಣು ರಂಧ್ರದ ಏಣಿಗೇ ಎದುರಾಗುವ ಸ್ಥಿತಿಯುಂಟಾಗುತ್ತದೆ. ಅಲ್ಲಿ ಬಲವನ್ನು ಪ್ರಯೋಗಿಸಿದರೆ ಸೋಲುವುದು ಉಕ್ಕಲ್ಲ, ಅಲ್ಯೂಮಿನಿಯಂ ಬ್ಲಾಕು. ಥ್ರೆಡ್ಡಿನ ಸಂದುಗಳಿಗೆ ಹಿಡಿದು ನೋಡುವ ಗೇಜೊಂದನ್ನು ಎಸ್.ಜೆ.ಪಿ. ರಸ್ತೆಯ ಸಲಕರಣೆಯ ಅಂಗಡಿಯಿಂದ ತಂದಿಟ್ಟುಕೊಂಡವರು ಈ ವಿಪತ್ತಿನಿಂದ ಪಾರಾಗುತ್ತಾರೆ.

ಆ ಅಲ್ಯೂಮಿನಿಯಂ ಬ್ಲಾಕಿನ ಕುರಿತು ಎರಡು ಮಾತು ಹೆಚ್ಚಾಗಿಯೇ ಹೇಳಬೇಕು, ಏಕೆಂದರೆ ಡಾಲ್ಫಿನ್ನಿನ ಜೀವಾಳ ಅದೇ. ಅದರ ಸಿಲಿಂಡರಿನ ವ್ಯಾಸ 62.5 ಮಿ.ಮೀ.; ಪಿಸ್ಟನ್ನು ಜಾರುವ ಕೊಳವೆಯು ಬ್ಲಾಕಿನ ಭಾಗವಾಗಿರದೆ, ಎರಕದ ಕಬ್ಬಿಣದಿಂದ ಪ್ರತ್ಯೇಕವಾಗಿ ಮಾಡಿ ಒಳಗಿಳಿಸಿದ ಲೈನರಾಗಿದೆ, ಅದರ ಸುತ್ತ ತಂಪುಗೊಳಿಸುವ ನೀರು ನೇರವಾಗಿ ಹರಿಯುತ್ತದೆ. ಲೈನರುಗಳನ್ನು ಮೇಲಕ್ಕೆ ಎಳೆದು ತೆಗೆಯಬಹುದಾದ್ದರಿಂದ ಮನೆಯಲ್ಲಿ ಕೆಲಸ ಮಾಡುವವರಿಗೆ ಇದೊಂದು ವರವೇ ಸರಿ. ಆದರೆ ಪ್ರತಿಯೊಂದು ಲೈನರೂ ಬ್ಲಾಕಿನ ಮಟ್ಟಕ್ಕಿಂತ ಕೂದಲಿನ ದಪ್ಪದಷ್ಟು ಮೇಲಕ್ಕೆ ನಿಂತಿರಬೇಕು. ಆಗ ಮಾತ್ರ ಹೆಡ್ ಗ್ಯಾಸ್ಕೆಟ್ಟು ಅದರ ಅಂಚನ್ನು ಬಿಗಿಯಾಗಿ ಅದುಮಿ ಹಿಡಿಯುತ್ತದೆ. ಇನ್ನೊಂದು ಎಂಜಿನಿನ ಲೈನರನ್ನು ತಂದು ಇಳಿಸಿದಾಗ ಈ ಎತ್ತರವನ್ನು ಅಳೆಯದೆ ಹೆಡ್ಡನ್ನು ಮುಚ್ಚಿದರೆ, ನೀರು ಎಣ್ಣೆಗೆ ಸೇರುವುದು ಖಂಡಿತ.

ಉಷ್ಣವು ಈ ಲೆಕ್ಕವನ್ನು ಇನ್ನಷ್ಟು ಸೂಕ್ಷ್ಮಗೊಳಿಸುತ್ತದೆ. ಬೆಂಗಳೂರಿನ ಮುಂಜಾವಿನ 20 ಡಿಗ್ರಿಯಿಂದ ಎಂಜಿನು ಓಡುವಾಗಿನ 90 ಡಿಗ್ರಿಗೆ ಏರಿದಾಗ, 100 ಮಿ.ಮೀ. ಉದ್ದದ ಅಲ್ಯೂಮಿನಿಯಂ ಸುಮಾರು 0.16 ಮಿ.ಮೀ.ನಷ್ಟು ಹಿಗ್ಗಿದರೆ, ಅಷ್ಟೇ ಉದ್ದದ ಎರಕದ ಕಬ್ಬಿಣ ಅದರ ಅರ್ಧದಷ್ಟು ಮಾತ್ರ ಹಿಗ್ಗುತ್ತದೆ. ಉಳಿದರ್ಧವನ್ನು ಗ್ಯಾಸ್ಕೆಟ್ಟಿನ ಮಿದುತನವೂ ಬೋಲ್ಟುಗಳ ಸ್ಥಿತಿಸ್ಥಾಪಕತ್ವವೂ ನುಂಗಿಕೊಳ್ಳಬೇಕು. ಬಿಗಿದ ಬೋಲ್ಟು ಎಂಬುದು ವಾಸ್ತವವಾಗಿ ಒಂದು ಸ್ಪ್ರಿಂಗು. ಅದು ತುಸು ಹಿಗ್ಗಿ, ಮರಳಿ ಕುಗ್ಗಲೆಳಸುವ ಬಲದಿಂದಲೇ ಎರಡು ಭಾಗಗಳನ್ನು ಒತ್ತಿ ಹಿಡಿದಿರುತ್ತದೆ. ಟಾರ್ಕ್ ರೆಂಚಿನಿಂದ ಗೊತ್ತಾದ ಪ್ರಮಾಣಕ್ಕೆ, ಗೊತ್ತಾದ ಕ್ರಮದಲ್ಲಿ ಬಿಗಿಯಬೇಕೆಂಬ ನಿಯಮದ ಅರ್ಥ ಇದು. ನೀರಿನ ವಿಷಯವೂ ಇಲ್ಲಿಯೇ ಬರುತ್ತದೆ. ಬೊಮ್ಮನಹಳ್ಳಿಯ ಬಹುಮಟ್ಟಿನ ಮನೆಗಳಲ್ಲಿ ಸುಲಭವಾಗಿ ಕೈಗೆ ಸಿಗುವುದು ಬೋರ್‌ವೆಲ್ಲಿನ ಅಥವಾ ಟ್ಯಾಂಕರಿನ ಗಡಸು ನೀರು. ಅದು ಕಾದಾಗ ಸುಣ್ಣದ ಲವಣಗಳು ಲೈನರಿನ ಹೊರಮೈಗೆ ಪದರಗಟ್ಟಿ ಶಾಖವನ್ನು ತಡೆಯುತ್ತವೆ. ಮೇಲಾಗಿ ಲವಣಯುಕ್ತ ಜಲವು ವಿದ್ಯುತ್ತನ್ನು ಒಯ್ಯಬಲ್ಲುದಾದುದರಿಂದ, ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ನಡುವೆ ಒಂದು ಕ್ಷುದ್ರ ವಿದ್ಯುತ್ಕೋಶವೇ ಏರ್ಪಟ್ಟು ಅಲ್ಯೂಮಿನಿಯಂ ಕರಗುತ್ತ ಹೋಗುತ್ತದೆ. ಶುದ್ಧೀಕರಿಸಿದ ನೀರಿಗೆ ತುಕ್ಕುನಿರೋಧಕ ಕೂಲೆಂಟನ್ನು ಬೆರೆಸುವುದೊಂದೇ ಇದಕ್ಕೆ ತಕ್ಕ ಪರಿಹಾರ.

ಒಡಲಿನ ಕಡೆಗೆ ತಿರುಗಿದರೆ, ಫೈಬರ್‌ಗ್ಲಾಸು ತುಕ್ಕು ಹಿಡಿಯದು. ಭಾರವನ್ನು ಹೊರತಕ್ಕದ್ದು ಚಾಸಿಯೇ ಆದುದರಿಂದ, ಒಂದು ಡಾಲ್ಫಿನ್ನಿನ ಒಡಲನ್ನು ಎತ್ತಿ ಇನ್ನೊಂದರ ಚಾಸಿಯ ಮೇಲಿಡುವುದು ಸಾಧ್ಯ. ಒಡಲೂ ಚಾಸಿಯೂ ಏಕವಾಗಿರುವ ಇಂದಿನ ಉಕ್ಕಿನ ಕಾರುಗಳಲ್ಲಿ ಇದು ಊಹಿಸಲಾಗದ ಮಾತು. ಆದರೆ ಉಕ್ಕಿನ ಕಾರೊಂದರಿಂದ ದೀಪವನ್ನು ಬಿಚ್ಚಿ ತಂದು ಇದಕ್ಕೆ ಜೋಡಿಸಿ, ತಂತಿಯನ್ನು ಸರಿಯಾಗಿ ಕೊಟ್ಟರೂ ದೀಪ ಹತ್ತದು. ಉಕ್ಕಿನ ಕಾರಿನಲ್ಲಿ ವಿದ್ಯುತ್ತು ದೀಪದಿಂದ ಬ್ಯಾಟರಿಗೆ ಮರಳುವುದು ಒಡಲಿನ ಲೋಹದ ಮೂಲಕ; ಅಲ್ಲಿ ಒಡಲೇ ಒಂದು ತಂತಿ. ಫೈಬರ್‌ಗ್ಲಾಸು ವಿದ್ಯುದ್ವಾಹಕವಲ್ಲ. ಪ್ರತಿಯೊಂದು ದೀಪಕ್ಕೂ ಚಾಸಿಗೆ ಮುಟ್ಟುವ ಪ್ರತ್ಯೇಕವಾದ ಅರ್ಥಿಂಗ್ ತಂತಿ ಬೇಕು.

ಡಾಲ್ಫಿನ್ನಿನ ಎಂಜಿನು ಕೈಮೀರಿ ಕೆಟ್ಟಿದ್ದರೆ ಮಾರುತಿಯ ಎಂಜಿನನ್ನು ಕೂರಿಸೋಣವೆಂಬ ಸಲಹೆ ಗ್ಯಾರೇಜುಗಳಲ್ಲಿ ಕೇಳಿಬರುವಂಥದು. 796 ಸಿ.ಸಿ.ಯ ಮೂರು ಸಿಲಿಂಡರಿನ ಆ ಎಂಜಿನು ಗಾತ್ರದಲ್ಲಿಯೂ ಶಕ್ತಿಯಲ್ಲಿಯೂ ಸಮೀಪದ್ದೇ. ತೊಡಕಿರುವುದು ದಿಕ್ಕಿನಲ್ಲಿ. ಮಾರುತಿ 800ರಲ್ಲಿ ಎಂಜಿನು ಅಡ್ಡಲಾಗಿ ಕುಳಿತು, ಗೇರ್‌ಬಾಕ್ಸು ಡಿಫರೆನ್ಷಿಯಲನ್ನು ತನ್ನೊಳಗೇ ಇಟ್ಟುಕೊಂಡು, ಮುಂಚಕ್ರಗಳನ್ನು ತಿರುಗಿಸುತ್ತದೆ. 1990ರ ದಶಕದ ಕೊನೆಯಲ್ಲಿ ಬಂದ ಸ್ಯಾನ್ ಸ್ಟಾರ್ಮ್ ಎಂಬ, ಮೇಲ್ಛಾವಣಿಯನ್ನು ಮಡಿಸಬಹುದಾದ ನಮ್ಮ ಇನ್ನೊಂದು ಫೈಬರ್‌ಗ್ಲಾಸಿನ ಕ್ರೀಡಾವಾಹನದ ರೆನೋ ಎಂಜಿನಿನದೂ ಇದೇ ಕ್ರಮ. ಅಂತಹ ಎಂಜಿನನ್ನು ಡಾಲ್ಫಿನ್ನಿನಲ್ಲಿ ಉದ್ದಕ್ಕೆ ತಿರುಗಿಸಿ ಇಟ್ಟಾಗ ಅದರ ಗೇರ್‌ಬಾಕ್ಸು ನಿರುಪಯೋಗಿಯಾಗುತ್ತದೆ. ಡಾಲ್ಫಿನ್ನಿನ ಗೇರ್‌ಬಾಕ್ಸಿಗೆ ಅದನ್ನು ಜೋಡಿಸಲು ನಡುವೆ ಒಂದು ಅಡಾಪ್ಟರ್ ತಟ್ಟೆಯನ್ನು ಮಾಡಿಸಬೇಕಾಗುತ್ತದೆ. ಆ ತಟ್ಟೆಯಲ್ಲಿ ಕ್ರ್ಯಾಂಕಿನ ಕೇಂದ್ರವೂ ಗೇರ್‌ಬಾಕ್ಸಿನ ಶಾಫ್ಟಿನ ಕೇಂದ್ರವೂ ಒಂದೇ ರೇಖೆಯಲ್ಲಿ ಬಾರದಿದ್ದರೆ, ಪ್ರತಿಯೊಂದು ಸುತ್ತಿನಲ್ಲಿಯೂ ಶಾಫ್ಟು ಬಾಗಿ ಬಾಗಿ, ಕ್ಲಚ್ಚು ನಡುಗಿ, ಬೇರಿಂಗು ಹಾಳಾಗುತ್ತದೆ. ಡಯಲ್ ಗೇಜಿಟ್ಟು ಈ ಏಕಕೇಂದ್ರತೆಯನ್ನು ನೋಡಿಕೊಳ್ಳುವ ಲೇತಿನ ಕುಶಲಿ ದೊರೆತರೆ ಅದು ಭಾಗ್ಯ.

ಬ್ರೇಕಿನ ಮಾಸ್ಟರ್ ಸಿಲಿಂಡರನ್ನು ಮಾತ್ರ “ಕೂರುತ್ತೆ” ಎಂಬ ಮಾತಿನ ಮೇಲೆ ಬದಲಾಯಿಸತಕ್ಕದ್ದಲ್ಲ. ಐದು ಎಂಟಾಂಶ ಅಂಗುಲದ ವ್ಯಾಸದ್ದಿದ್ದ ಜಾಗದಲ್ಲಿ ಮುಕ್ಕಾಲು ಅಂಗುಲದ್ದನ್ನು ಹಾಕಿದರೆ, ಬೋಲ್ಟುಗಳು ಹೊಂದಿದರೂ, ಪಿಸ್ಟನ್ನಿನ ಮುಖದ ವಿಸ್ತೀರ್ಣ 1.44 ಪಟ್ಟು ಹೆಚ್ಚುತ್ತದೆ. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ ಪ್ರಮಾಣವಾದುದರಿಂದ, ಹಿಂದಿನಷ್ಟೇ ಬ್ರೇಕು ಹಿಡಿಯಬೇಕಾದರೆ ಕಾಲು ಶೇಕಡ 44ರಷ್ಟು ಹೆಚ್ಚು ಬಲದಿಂದ ಒತ್ತಬೇಕು. ಪೆಡಲು ಮೊದಲಿಗಿಂತ ಗಟ್ಟಿಯಾಗಿ, ಕಡಿಮೆ ದೂರ ಚಲಿಸುತ್ತದೆ. ಅದನ್ನು ಉತ್ತಮ ಬ್ರೇಕಿನ ಲಕ್ಷಣವೆಂದು ತಪ್ಪಾಗಿ ಭಾವಿಸಿ ಸಿಲ್ಕ್ ಬೋರ್ಡ್ ವೃತ್ತದ ವಾಹನಸಂದಣಿಗೆ ಹೊರಡುವುದು ಅಪಾಯಕರ.

ಕಾನೂನಿನ ಸಂಗತಿಯನ್ನು ಕೆಲಸಕ್ಕೆ ಮೊದಲೇ ವಿಚಾರಿಸಿಕೊಳ್ಳಬೇಕು. ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು, ತಯಾರಕನು ನಿರ್ದಿಷ್ಟಪಡಿಸಿದುದಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಎಂಜಿನಿನ ಮತ್ತು ಚಾಸಿಯ ಸಂಖ್ಯೆಗಳು ಆರ್.ಸಿ.ಯಲ್ಲಿ ದಾಖಲಾಗಿರುವುದರಿಂದ, ಒಂದು ಡಾಲ್ಫಿನ್ನಿನ ಎಂಜಿನನ್ನು ಇನ್ನೊಂದಕ್ಕೆ ಹಾಕಿದರೂ ಆರ್.ಟಿ.ಓ. ಕಚೇರಿಗೆ ತಿಳಿಸದೆ ವಿಧಿಯಿಲ್ಲ. 2021ರಲ್ಲಿ ಕೇಂದ್ರ ಸರ್ಕಾರವು ವಿಂಟೇಜ್ ವಾಹನಗಳಿಗಾಗಿ ಹೊರಡಿಸಿದ ನಿಯಮಗಳಂತೆ, ಮೊದಲ ನೋಂದಣಿಯಿಂದ 50 ವರ್ಷ ಕಳೆದ, ಚಾಸಿ, ಒಡಲು, ಎಂಜಿನುಗಳಲ್ಲಿ ಗಣನೀಯವಾದ ಮಾರ್ಪಾಡಿಲ್ಲದೆ ಮೂಲ ಸ್ವರೂಪದಲ್ಲಿಯೇ ಉಳಿದಿರುವ ಕಾರುಗಳಿಗೆ ವಿ.ಎ. ಎಂಬ ಅಕ್ಷರಗಳುಳ್ಳ ಪ್ರತ್ಯೇಕ ನೋಂದಣಿ ದೊರೆಯುತ್ತದೆ. 1982ರಲ್ಲಿ ನೋಂದಣಿಯಾದ ಡಾಲ್ಫಿನ್ನಿಗೆ ಆ ವಯಸ್ಸು ತುಂಬುವುದು 2032ರಲ್ಲಿ. ಅಲ್ಲಿಯವರೆಗಿನ ಓಡಾಟಕ್ಕೆಂದು ಅನ್ಯ ಎಂಜಿನನ್ನು ಅನುಮತಿ ಪಡೆದು ಕೂರಿಸಿಕೊಳ್ಳುವವರು, ಬಿಚ್ಚಿದ ಅಲ್ಯೂಮಿನಿಯಂ ಎಂಜಿನನ್ನು ಗುಜರಿಗೆ ತೂಕಕ್ಕೆ ಹಾಕದೆ, ನೀರನ್ನು ಪೂರ್ತಿಯಾಗಿ ಬಸಿದು, ಸಿಲಿಂಡರುಗಳಿಗೆ ಎಣ್ಣೆ ಹೊಯ್ದು, ಸ್ಪಾರ್ಕ್ ಪ್ಲಗ್ಗಿನ ರಂಧ್ರಗಳನ್ನು ಮುಚ್ಚಿ, ನೆಲದ ತೇವ ತಾಗದಂತೆ ಮರದ ದಿಮ್ಮಿಯ ಮೇಲೆ ಇರಿಸಿ, ತಿಂಗಳಿಗೊಮ್ಮೆ ಕ್ರ್ಯಾಂಕನ್ನು ಕೈಯಿಂದ ಒಂದಷ್ಟು ಸುತ್ತು ತಿರುಗಿಸುತ್ತಿರಬೇಕು.