ಚಪ್ಪಲಿ ಹೊರಗೆ ಬಿಡುವ ನಿಯಮ: ಕಾರಣ ತಿಳಿಸಿ ಕಲಿಸುವುದು ಹೇಗೆ?

ಬೋಧನಾಭ್ಯಾಸದ ಎರಡನೆಯ ವಾರ ಸರ್ಕಾರಿ ಶಾಲೆಯೊಂದರ ನಲಿ-ಕಲಿ ತರಗತಿಗೆ ಪಾಠ ವೀಕ್ಷಣೆಗೆ ಹೋಗಿದ್ದೆ. ಬಾಗಿಲ ಹೊರಗೆ ಮಕ್ಕಳ ಚಪ್ಪಲಿ, ಶೂಗಳು ಸಾಲಾಗಿದ್ದವು. ನಮ್ಮ ಪ್ರಶಿಕ್ಷಣಾರ್ಥಿ ಶೂ ಹಾಕಿಕೊಂಡೇ ಪಾಠ ಮಾಡುತ್ತಿದ್ದರು. ನಾನೂ ಹಾಗೆಯೇ ಒಳಗೆ ಹೋದೆ. ನೆಲದ ಮೇಲೆ ಕಾರ್ಡುಗಳನ್ನು ಹರಡಿಕೊಂಡು ಕೂತಿದ್ದ ಹುಡುಗಿಯೊಬ್ಬಳು ನನ್ನ ಕಾಲನ್ನೇ ನೋಡುತ್ತಾ, "ಸಾರ್, ನೀವು ಹೊರಗೆ ಬಿಡಂಗಿಲ್ವಾ?" ಎಂದಳು. "ಮಾತಾಡ್ಬೇಡ, ಕಾರ್ಡ್ ನೋಡು" ಎಂದರು ಪ್ರಶಿಕ್ಷಣಾರ್ಥಿ. ನಾನು ಸುಮ್ಮನಿದ್ದೆ. ವೀಕ್ಷಣಾ ಪುಸ್ತಕದಲ್ಲಿ ಧ್ವನಿ, ಕಪ್ಪುಹಲಗೆಯ ಬಳಕೆ, ಪ್ರಶ್ನಿಸುವ ಕೌಶಲದ ಬಗ್ಗೆ ಬರೆದೆನೇ ಹೊರತು ಆ ಮಗುವಿನ ಪ್ರಶ್ನೆಯನ್ನು ಬರೆಯಲಿಲ್ಲ. ಅಂದು ಇಡೀ ತರಗತಿಯಲ್ಲಿ ಕೇಳಿಬಂದ ಒಳ್ಳೆಯ ಪ್ರಶ್ನೆ ಅದೇ ಆಗಿತ್ತು. ಅದಕ್ಕೆ ಉತ್ತರ ಕೊಡುವ ಪ್ರಯತ್ನ ಈ ಲೇಖನ.

ನೆಲವನ್ನು ಸವೆಸುವುದು ಯಾವುದು?

ಶೂ ಹಾಕಿ ನಡೆದರೆ ನೆಲ ಹಾಳಾಗುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತೇವೆ. ಆದರೆ ಶೂ, ಚಪ್ಪಲಿಗಳ ಅಟ್ಟೆ ಬಹುಮಟ್ಟಿಗೆ ರಬ್ಬರು ಅಥವಾ ಪ್ಲಾಸ್ಟಿಕ್ಕಿನದು, ಅಂದರೆ ಕಲ್ಲಿಗಿಂತ ಬಹಳ ಮೃದು. ಶುಭ್ರವಾದ ರಬ್ಬರು ನೆಲದ ಮೇಲೆ ಕಪ್ಪು ಗುರುತು ಬಿಡಬಹುದು, ಗೀರು ಹಾಕಲಾರದು. ಗುರುತನ್ನು ಒರೆಸಿದರೆ ಹೋಗುತ್ತದೆ, ಗೀರು ಹೋಗುವುದಿಲ್ಲ.

ಗೀರು ಹಾಕುವುದು ಅಟ್ಟೆಯ ಸಂದುಗಳಲ್ಲಿ ಕೂತು ಮೈದಾನದಿಂದ ಬಂದ ಮರಳು. ಮರಳಿನ ಬಹುಪಾಲು ಕ್ವಾರ್ಟ್ಸ್ ಎಂಬ ಖನಿಜ. 1812ರಲ್ಲಿ ಫ್ರೆಡ್ರಿಕ್ ಮೋಸ್ ರೂಪಿಸಿದ, 1ರಿಂದ 10ರವರೆಗಿನ ಗಡಸುತನದ ಮಾಪಕದಲ್ಲಿ ಕ್ವಾರ್ಟ್ಸ್‌ನ ಸ್ಥಾನ 7. ಹೆಚ್ಚು ಗಡಸಾದ ವಸ್ತು ಕಡಿಮೆ ಗಡಸಾದುದನ್ನು ಗೀರುತ್ತದೆ ಎಂಬುದೇ ಈ ಮಾಪಕದ ತತ್ವ. ಮೈಭಾರ ಬಿದ್ದು ಕಾಲು ಜಾರಿದಾಗ ಅಟ್ಟೆಗೂ ನೆಲಕ್ಕೂ ನಡುವೆ ಸಿಕ್ಕಿದ ಮರಳು ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ. ಹಳೆಯ ತರಗತಿ ಕೋಣೆಯಲ್ಲಿ ಬಾಗಿಲ ಬಳಿ ಮತ್ತು ಕಪ್ಪುಹಲಗೆಗೆ ಹೋಗುವ ದಾರಿಯಲ್ಲಿ ನೆಲ ಮಂಕಾಗಿದ್ದು, ಮೂಲೆಗಳಲ್ಲಿ ಹೊಳಪು ಉಳಿದಿರುವುದು ಇದೇ ಕಾರಣಕ್ಕೆ.

ಯಾವ ನೆಲ ಎಷ್ಟು ತಾಳುತ್ತದೆ?

ಉತ್ತರ ಕರ್ನಾಟಕದ ಶಾಲೆಗಳಲ್ಲಿ ಕಾಣುವ ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಅದರ ಮುಖ್ಯ ಖನಿಜವಾದ ಕ್ಯಾಲ್ಸೈಟ್‌ನ ಗಡಸುತನ 3 ಮಾತ್ರ. ಹಾಗಾಗಿ ಮರಳು ಅದನ್ನು ಸುಲಭವಾಗಿ ಗೀರುತ್ತದೆ. ಕೆಂಪು ರೆಡ್ ಆಕ್ಸೈಡ್ ನೆಲದಲ್ಲಿ ಬಣ್ಣವಿರುವುದು ಮೇಲಿನ ತೆಳು ಪದರದಲ್ಲಿ. ಅದು ಸವೆದರೆ ಕೆಳಗಿನ ಬೂದು ಸಿಮೆಂಟು ಕಾಣಿಸುತ್ತದೆ. ಗ್ರಾನೈಟಿನಲ್ಲಿ ಕ್ವಾರ್ಟ್ಸ್ ಮತ್ತು ಫೆಲ್ಡ್‌ಸ್ಪಾರ್ ಇರುವುದರಿಂದ ಅದು ಹೆಚ್ಚು ಬಾಳಿಕೆ ಬರುತ್ತದೆ. ಆದರೂ ವರ್ಷಗಳ ಓಡಾಟದಲ್ಲಿ ಅದರ ಹೊಳಪೂ ಕುಂದುತ್ತದೆ.

ಶುಚಿ ಮಾಡುವಾಗಲೂ ಎರಡು ಎಚ್ಚರಿಕೆ ಬೇಕು. ಮೊದಲು ಗುಡಿಸಿ, ಆಮೇಲೆ ಒರೆಸಬೇಕು. ಮರಳಿನ ಮೇಲೆಯೇ ಒದ್ದೆ ಬಟ್ಟೆ ಎಳೆದರೆ ಮತ್ತೆ ಉಜ್ಜಿದಂತಾಗುತ್ತದೆ. ಶಹಾಬಾದ್ ಕಲ್ಲಿಗೆ ಆಸಿಡ್ ಹಾಕಬಾರದು. ಕ್ಯಾಲ್ಸೈಟ್ ಆಮ್ಲದೊಡನೆ ವರ್ತಿಸಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾ ಕರಗುತ್ತದೆ. ಕಲೆಯ ಜೊತೆಗೆ ಕಲ್ಲಿನ ಮೇಲ್ಮೈಯೂ ಹೋಗುತ್ತದೆ.

ಪಾಠವಾಗಿ ಮಾಡುವ ಬಗೆ

ಘರ್ಷಣೆಯ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳು ಇದನ್ನು ಖರ್ಚಿಲ್ಲದ ಚಟುವಟಿಕೆಯಾಗಿ ಬಳಸಬಹುದು.

ತೊಡಗಿಸಿಕೊಳ್ಳುವುದು: ಬಾಗಿಲ ಬಳಿಯ ಮತ್ತು ಮೂಲೆಯ ನೆಲವನ್ನು ಮಕ್ಕಳು ಕೈಯಿಂದ ಸವರಿ ನೋಡಲಿ. ವ್ಯತ್ಯಾಸವೇಕೆ ಎಂದು ಕೇಳಿ, ಉತ್ತರಗಳನ್ನು ತಿದ್ದದೆ ಹಲಗೆಯ ಮೇಲೆ ಬರೆಯಿರಿ.

ಪರಿಶೋಧಿಸುವುದು: ಶಹಾಬಾದ್ ಕಲ್ಲಿನ ಎರಡು ಹಳೆಯ ತುಂಡುಗಳು, ತೊಳೆದ ಹಳೆಯ ಹವಾಯಿ ಚಪ್ಪಲಿ, ಒಂದು ಚಿಟಿಕೆ ಮರಳು, ಒಂದು ಭೂತಕನ್ನಡಿ ಸಾಕು. ಒಂದು ತುಂಡನ್ನು ಬರೀ ಚಪ್ಪಲಿಯಿಂದ 50 ಸಲ, ಇನ್ನೊಂದನ್ನು ಮರಳು ಹಾಕಿ 50 ಸಲ ಉಜ್ಜಲಿ. ಯಾವುದು ಹೆಚ್ಚು ಸವೆಯುತ್ತದೆಂದು ಮೊದಲೇ ಊಹಿಸಿ ಬರೆದುಕೊಂಡಿರಲಿ.

ವಿವರಿಸುವುದು: ಗುರುತಿಗೂ ಗೀರಿಗೂ ಇರುವ ವ್ಯತ್ಯಾಸವನ್ನು ಮಕ್ಕಳೇ ಹೇಳಲಿ. ಗಡಸುತನದ ಮಾತು ಆಮೇಲೆ ಬರಲಿ.

ವಿಸ್ತರಿಸುವುದು: ಬಾಗಿಲಲ್ಲಿ ಮಡಿಸಿದ ಗೋಣಿಚೀಲ ಹಾಕಿ. ಒಂದು ವಾರದ ನಂತರ ಅದನ್ನು ಕಾಗದದ ಮೇಲೆ ಕೊಡವಿ, ಉದುರಿದ ಮರಳನ್ನು ತೂಗಲಿ.

ಮೌಲ್ಯಮಾಪನ: "ನಮ್ಮ ಶಾಲೆಯ ಯಾವ ಕೋಣೆಗೆ ಯಾವ ನಿಯಮ ಬೇಕು? ಕಾರಣ ಕೊಡಿ."

ಎಲ್ಲಿಗೆ, ಯಾರಿಗೆ?

ಕೊನೆಯ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ನಲಿ-ಕಲಿ ಕೋಣೆಯಲ್ಲಿ ನೆಲವೇ ಮಕ್ಕಳ ಡೆಸ್ಕು. ಅಲ್ಲೇ ಕೂತು, ಅಲ್ಲೇ ಬರೆದು, ಅದೇ ಕೈಯಲ್ಲಿ ಊಟಕ್ಕೆ ಹೋಗುತ್ತಾರೆ. ಅಲ್ಲಿ ಪಾದರಕ್ಷೆ ಹೊರಗಿರಬೇಕು. ಅಕ್ಷರ ದಾಸೋಹದ ಅಡುಗೆ ಕೋಣೆಗೂ ಇದು ಸರಿ. ಬೆಂಚಿರುವ ತರಗತಿಗೆ ಬಾಗಿಲಲ್ಲಿ ಒಳ್ಳೆಯ ಕಾಲೊರಸು ಸಾಕಾಗಬಹುದು. ವಿಜ್ಞಾನ ಪ್ರಯೋಗಾಲಯದಲ್ಲಿ ಗಾಜು, ಆಮ್ಲಗಳಿರುವುದರಿಂದ ಶೂ ಬೇಕೇಬೇಕು. ಶೌಚಾಲಯಕ್ಕೆ ಹೋಗುವಾಗ ಮಕ್ಕಳು ಚಪ್ಪಲಿ ಮೆಟ್ಟಲೇಬೇಕು, ಏಕೆಂದರೆ ಕೊಕ್ಕೆಹುಳುವಿನ ಮರಿಗಳು ಮಲಿನ ಮಣ್ಣಿನಿಂದ ಬರಿಗಾಲಿನ ಚರ್ಮದ ಮೂಲಕ ದೇಹ ಸೇರಿ ರಕ್ತಹೀನತೆ ಉಂಟುಮಾಡುತ್ತವೆ. ಬರಿಗಾಲಲ್ಲಿ ಬರುವ ಮಗುವಿನ ಪಾದದಲ್ಲೂ ಮರಳಿರುತ್ತದೆ. ಅವನಿಗೆ ಬೇಕಾದದ್ದು ಗದರಿಕೆಯಲ್ಲ, ಕಾಲು ತೊಳೆಯಲು ನೀರು.

ಯಾರಿಗೆ ಎಂಬ ಪ್ರಶ್ನೆ ಇನ್ನೂ ಮುಖ್ಯ. ನಮ್ಮ ಊರುಗಳಲ್ಲಿ ಚಪ್ಪಲಿ ಬಿಡಿಸುವುದಕ್ಕೆ ಕಹಿಯಾದ ಚರಿತ್ರೆಯೂ ಇದೆ. ಕೆಲವರು ಇನ್ನು ಕೆಲವರ ಬೀದಿಯಲ್ಲಿ, ಮನೆ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಮಕ್ಕಳು ಮಾತ್ರ ಬಿಚ್ಚಿ, ಶಿಕ್ಷಕರೂ ವೀಕ್ಷಕರೂ ಶೂ ಹಾಕಿಕೊಂಡೇ ಒಳಗೆ ಓಡಾಡಿದರೆ, ಮಗು ಕಲಿಯುವುದು ನೆಲದ ಶುಚಿಯನ್ನಲ್ಲ. ದೊಡ್ಡವರೆದುರು ಚಿಕ್ಕವರು ಚಪ್ಪಲಿ ಬಿಡಬೇಕು ಎಂಬುದನ್ನು. ಮರಳಿಗೆ ಯಾರ ಶೂ ಎಂಬ ಭೇದವಿಲ್ಲ. ಕಾರಣ ಶುಚಿಯೇ ಆಗಿದ್ದರೆ ನಿಯಮ ಮುಖ್ಯಶಿಕ್ಷಕರಿಗೂ ಭೇಟಿಗೆ ಬರುವ ಅಧಿಕಾರಿಗಳಿಗೂ ಅನ್ವಯಿಸಬೇಕು. ಕಾಲುನೋವಿನಂಥ ತೊಂದರೆಯಿಂದ ಬಿಚ್ಚಲಾಗದವರಿದ್ದರೆ ಅದನ್ನು ಮಕ್ಕಳಿಗೆ ತಿಳಿಸಿದರಾಯಿತು.

ಮುಂದಿನ ವಾರ ಅದೇ ತರಗತಿಗೆ ಹೋದಾಗ ನನ್ನ ಚಪ್ಪಲಿಯನ್ನು ಮಕ್ಕಳ ಸಾಲಿನ ಕೊನೆಯಲ್ಲಿ ಬಿಟ್ಟೆ. ಪ್ರಶಿಕ್ಷಣಾರ್ಥಿಯ ಶೂಗಳು ಆಗಲೇ ಅಲ್ಲಿದ್ದವು. ಪಾಠ ಶುರುವಾಗುವ ಮೊದಲು ಅವರು ಆ ಹುಡುಗಿಯನ್ನು ಕರೆದು, "ಅವತ್ತು ನೀನು ಕೇಳಿದ್ದು ಸರಿ. ಯಾಕೆ ಸರಿ ಅಂತ ಎಲ್ಲರೂ ಸೇರಿ ನೋಡೋಣವಾ?" ಎಂದು ಕಲ್ಲಿನ ತುಂಡನ್ನು ಅವಳ ಕೈಗೆ ಕೊಟ್ಟರು. ಈ ಸಲ ವೀಕ್ಷಣಾ ಪುಸ್ತಕದಲ್ಲಿ ಮೊದಲು ಬರೆದದ್ದು ಅದನ್ನೇ.